ಆವರಿಕೆ ಬೀಜದ ಪೊಟ್ಟಣ: ಬೀಜ ಚೆನ್ನ, ಸೂಚನೆ ಅರ್ಧಂಬರ್ಧ

ಬೀಜ ಗಟ್ಟಿಯಾಗಿವೆ, ಹುಳು ಹಿಡಿದಿಲ್ಲ. ಆದರೆ ಪೊಟ್ಟಣದ ಮೇಲೆ ‘ನೇರವಾಗಿ ಬಿತ್ತಿ’ ಎಂದಷ್ಟೇ ಇದೆ. ಹಾಗೆ ಬಿತ್ತಿದರೆ ಗಟ್ಟಿ ಸಿಪ್ಪೆಯೊಳಗೆ ನೀರಿಳಿಯದೆ ಹೆಚ್ಚಿನವು ಮೊಳೆಯುವುದೇ ಇಲ್ಲ. ಸ್ಯಾಂಡ್‌ಪೇಪರ್ ಮೇಲೆ ಒಂದು ಬದಿ ತಿಕ್ಕಿ, ರಾತ್ರಿಯಿಡೀ ನೆನೆಸಿ, ಉಬ್ಬಿದವನ್ನು ಮಾತ್ರ 1 ಸೆಂ.ಮೀ. ಆಳಕ್ಕೆ ಊರಿ. ಉಬ್ಬದಿದ್ದರೆ ಮತ್ತೆ ತಿಕ್ಕಿ. ಮರಳು ಬೆರೆತ ಕೆಂಪು ಮಣ್ಣು, ಪೂರ್ತಿ ಬಿಸಿಲು ಸಾಕು. ಬೇರೂರಿದ ಮೇಲೆ ನಿತ್ಯ ನೀರು ಸುರಿದರೆ ಬೇರು ಕೊಳೆಯುತ್ತದೆ. ದಾರಿಬದಿ ಬಂಜರಲ್ಲೇ ಹಳದಿ ಹೂ ತುಂಬಿಕೊಳ್ಳುವ ಗಿಡಕ್ಕೆ ಗೊಬ್ಬರವೇಕೆ?

ಹೂವನ್ನು ನೆರಳಲ್ಲಿ ಒಣಗಿಸಿ; ಲೋಟ ನೀರಿಗೆ 1 ಚಮಚ ಹಾಕಿ ಕುದಿಸಿ, ಸೋಸಿದರೆ ಕಷಾಯ. ಇದರಿಂದ ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಎಂದು ಪೊಟ್ಟಣದ ಮೇಲೆ ಮುದ್ರಿಸಿರುವುದು ಮಾತ್ರ ಅತಿಯಾಯಿತು. ಮಧುಮೇಹದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬಾರದು, ಸಕ್ಕರೆ ಅಂಶ ತೀರಾ ಇಳಿದುಬಿಡಬಹುದು.