ಸೋಷಿಯಲ್ ಸೆಕ್ಯುರಿಟಿ ಕೇಸಿಗೆ ಹಿಡಿದ ಲಾಯರ್: ನಾಲ್ಕು ಸ್ಟಾರ್, ಐದನೆಯದು ಯಾಕಿಲ್ಲ ಅಂತ ಹೇಳ್ತೀನಿ

ನಮ್ಮ ಯಜಮಾನರ ಬೆನ್ನಿನ ತೊಂದರೆಗೆ ಡಿಸೆಬಿಲಿಟಿ ಹಣ ಕೊಡಲ್ಲ ಅಂತ ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯವರು (ಪಿಂಚಣಿ, ಡಿಸೆಬಿಲಿಟಿ ಹಣ ಕೊಡುವ ಸರ್ಕಾರಿ ಇಲಾಖೆ) ನಾಲ್ಕು ಸಲ ಹೇಳಿದರು. ಕೊನೆಯದು ಅಪೀಲ್ಸ್ ಕೌನ್ಸಿಲ್‌ನಿಂದ, ಅಂದರೆ ಇಲಾಖೆಯ ಒಳಗಿನ ಕೊನೆಯ ಮೇಲ್ಮನವಿ ಮಂಡಳಿಯಿಂದ. ಆಮೇಲೆ ಫೆಡರಲ್ ಕೋರ್ಟಿಗೆ ಹೋಗೋಕೆ ಇದ್ದದ್ದು 60 ದಿನ. ಅಲ್ಲಿಯ ತನಕ ನಾವೇ ಓಡಾಡಿದ್ದೆವು, ಕೋರ್ಟಿಗೆ ಮಾತ್ರ ಲಾಯರ್ ಹಿಡಿದೆವು.

ಕೆಲಸದಲ್ಲಿ ಇವರಿಗೆ ಸಾಟಿಯಿಲ್ಲ. ಒಂಬೈನೂರು ಪುಟದ ದಾಖಲೆ ಓದಿ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾರರು ಅಂದ ಡಾಕ್ಟರ ಮಾತನ್ನು ಹಿಯರಿಂಗ್ ಜಡ್ಜ್ (ಇಲಾಖೆಯ ಒಳಗೇ ವಿಚಾರಣೆ ಮಾಡುವವರು) ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದನ್ನು ಹಿಡಿದರು. ಕೋರ್ಟು ಕೇಸನ್ನು ಮತ್ತೆ ಹಿಯರಿಂಗ್‌ಗೆ ವಾಪಸು ಕಳಿಸಿತು, ಅಲ್ಲಿ ಗೆದ್ದೆವು.

ಇನ್ನು ದುಡ್ಡಿನ ವಿಷಯ. ಕೈಯಿಂದ ಹೋದದ್ದು ಕೋರ್ಟಿಗೆ ಕಟ್ಟಿದ 405 ಡಾಲರ್ ಮಾತ್ರ. ಗೆದ್ದರೆ ಹಿಂಬಾಕಿಯಲ್ಲಿ (ಇಷ್ಟು ದಿನ ಕೊಡದೆ ಉಳಿಸಿಕೊಂಡ ಡಿಸೆಬಿಲಿಟಿ ಹಣ) ನೂರಕ್ಕೆ 25ರ ತನಕ ಲಾಯರ್‌ಗೆ ಅಂತ ಒಪ್ಪಂದ. ಅದೂ ಕೋರ್ಟು ಒಪ್ಪಿದರೆ. ಅಷ್ಟು ನಮಗೆ ಅರ್ಥವಾಗಿತ್ತು. ಗೊತ್ತಿಲ್ಲದೆ ಇದ್ದದ್ದು ಎರಡನೇ ಫೀಸು.

ಕೇಸು ವಾಪಸಾದ ಮೇಲೆ ಲಾಯರ್ ಫೋನಿನಲ್ಲಿ "ಈಜಾ" ಅಂದರು. ಈಜೋಕೂ ಬೆನ್ನುನೋವಿಗೂ ಏನೋ ಸಂಬಂಧ ಇರಬೇಕು ಅಂದುಕೊಂಡೆ! ಅದು ಈಕ್ವಲ್ ಆಕ್ಸೆಸ್ ಟು ಜಸ್ಟಿಸ್ ಆಕ್ಟ್. ಸರ್ಕಾರ ತನ್ನ ನಿಲುವಿಗೆ ಸರಿಯಾದ ಆಧಾರ ಇತ್ತು ಅಂತ ತೋರಿಸಲಾಗದಿದ್ದರೆ, ಸೋತ ಸರ್ಕಾರವೇ ನಮ್ಮ ಲಾಯರ್ ಫೀಸು ಕೊಡಬೇಕು. ಗಂಟೆಗಳ ಪಟ್ಟಿ ಕಳಿಸಿದ್ದರು, ಆರಾರು ನಿಮಿಷದ ಲೆಕ್ಕ: ನನ್ನ ಜೊತೆ ಮಾತಾಡಿದ್ದು 0.2, ಬ್ರೀಫ್ (ಕೋರ್ಟಿಗೆ ಕೊಡುವ ಲಿಖಿತ ವಾದ) ಬರೆದದ್ದು 14.5. ಒಟ್ಟು 31 ಗಂಟೆ, 7,440 ಡಾಲರ್.

ಅದರ ಜೊತೆ ಒಂದು ಕಾಗದ, "ಈ ಹಣದ ಹಕ್ಕನ್ನು ಲಾಯರ್‌ಗೆ ವಹಿಸಿಕೊಟ್ಟಿದ್ದೇನೆ" ಅಂತ. ಯಜಮಾನರು ಪೆನ್ನು ಕೆಳಗಿಟ್ಟರು. ವಿಷಯ ಇಷ್ಟೆ: 2010ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಆ ಹಣ ಲಾಯರ್‌ದಲ್ಲ, ಕಕ್ಷಿದಾರರದು; ಸರ್ಕಾರಕ್ಕೆ ನಾವು ಬಾಕಿ ಇದ್ದರೆ ಅದರಲ್ಲೇ ಮುರಿದುಕೊಳ್ಳಬಹುದು. ಅದಕ್ಕೇ ಲಾಯರ್ ಈ ಸಹಿ ಕೇಳಿದ್ದು. ಇದನ್ನು ಸಹಿ ಕೇಳುವ ಮುಂಚೆ ಹೇಳಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಹಿಂಬಾಕಿ 48,000 ಬಂತು, ಮಗಳ ಪಾಲೂ ಸೇರಿ (ಮಕ್ಕಳ ಪಾಲೂ ಈ ಲೆಕ್ಕಕ್ಕೆ ಬರುತ್ತೆ, ನೆನಪಿರಲಿ). ಅದರಲ್ಲಿ 12,000 ಇಲಾಖೆಯವರು ಹಿಡಿದಿಟ್ಟಿದ್ದರು, ಕೋರ್ಟು ಒಪ್ಪಿದ ಮೇಲೆ ಲಾಯರ್‌ಗೆ ಹೋಯಿತು. ಒಂದೇ ಕೋರ್ಟು ಕೆಲಸಕ್ಕೆ ಎರಡೂ ಫೀಸು ಇಟ್ಟುಕೊಳ್ಳೋ ಹಾಗಿಲ್ಲ. ಎರಡರಲ್ಲಿ ಚಿಕ್ಕದನ್ನು ಕಕ್ಷಿದಾರರಿಗೆ ವಾಪಸು ಕೊಡಬೇಕು. ಅಂದರೆ 7,440 ನಮ್ಮದು. ನಮಗೆ ನಿಜವಾಗಿ ಬಿದ್ದ ಫೀಸು 4,560. ಮೂರು ವರ್ಷದ ಪರದಾಟ ನೋಡಿದರೆ ಇದು ಅಗ್ಗವೇ.

ಆದರೆ ಆ ವಾಪಸು ಹಣದ ಬಗ್ಗೆ ಅವರಾಗಿ ಒಂದು ಮಾತು ಆಡಲಿಲ್ಲ. ಕೋರ್ಟಿನ ಆದೇಶದ ಕೊನೆಯ ಪ್ಯಾರಾ ಓದಿ ನಾನೇ ಕೇಳಿದೆ. "ಅಕೌಂಟ್ಸ್‌ನವರಿಗೆ ಹೇಳ್ತೀನಿ" ಅಂದರು. ಏಳು ವಾರ. ಮೂರನೇ ಸಲ ಫೋನ್ ಮಾಡಿ, ಆದೇಶದ ಆ ಸಾಲನ್ನೇ ಓದಿ ಹೇಳಿದೆ. ಅದೇ ವಾರ ಚೆಕ್ ಬಂತು, ಬರೀ ಚೆಕ್ಕು. ಜೊತೆಗೆ ಒಂದು ಚೀಟಿಯೂ ಇರಲಿಲ್ಲ. ಐದನೇ ಸ್ಟಾರ್ ಹೋದದ್ದು ಆ ಲಕೋಟೆಗೆ.