ಚೀನಾಕ್ಕೆ ಹೊರಟವರ ಜಾಡಿನಲ್ಲಿ: ಹಳೇ ಗೋವಾದ ಒಂದು ಕನ್ನಡ ನಡಿಗೆ

ಹಳೇ ಗೋವಾದಲ್ಲಿ ಚರ್ಚುಗಳನ್ನು ತೋರಿಸುವ ಗೈಡುಗಳಿಗೆ ಬರವಿಲ್ಲ. ಆದರೆ ಅಲ್ಲಿಂದ ಹಡಗು ಹತ್ತಿ ಚೀನಾಕ್ಕೆ ಹೋದ ಪಾದ್ರಿಗಳ ಕಥೆಯನ್ನೇ ಹಿಡಿದುಕೊಂಡು, ಅದನ್ನು ಕನ್ನಡದಲ್ಲಿ ವಿವರಿಸುತ್ತ ನಡೆಸುವ ನಡಿಗೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದನ್ನು ನಡೆಸುವವರು ಕಾರವಾರದ ಕಡೆಯಿಂದ ಬಂದು ಗೋವಾದಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕರು; ಬಂದವರೆಲ್ಲ ಅವರನ್ನು ಮಾಸ್ತರರೆಂದೇ ಕರೆಯುತ್ತಾರೆ. ಬೆಳಿಗ್ಗೆ ಆರಂಭವಾಗಿ ಊಟದ ಹೊತ್ತಿಗೆ ಮುಗಿಯುವ ಈ ನಡಿಗೆಗೆ ತಲಾ 500 ರೂಪಾಯಿ. ವಾಸ್ಕೋದ ನಮ್ಮ ಕನ್ನಡ ಕ್ರೈಸ್ತ ಸಭೆಯ ಕೆಲವರೊಡನೆ ನಾನು ಹೋಗಿದ್ದೆ.

ಎಲ್ಲರೂ ಮೊದಲು ಬೊಮ್ ಜೆಸುಸ್ ಬೆಸಿಲಿಕಾಕ್ಕೆ ಹೋದರೆ, ಮಾಸ್ತರರು ಸಂತ ಪೌಲರ ಕಾಲೇಜಿನ ಅವಶೇಷದಿಂದ ಆರಂಭಿಸುತ್ತಾರೆ. ಯೇಸು ಸಂಘದ (ಜೆಸುಯಿಟ್ ಪಾದ್ರಿಗಳ) ಆ ಕಾಲೇಜಿನಲ್ಲಿ ಈಗ ಉಳಿದಿರುವುದು ಮುಂಬದಿಯ ಕಮಾನು ಮಾತ್ರ. 1556ರಲ್ಲಿ ಭಾರತದ ಮೊದಲ ಮುದ್ರಣಯಂತ್ರ ಬಂದದ್ದು ಇಲ್ಲಿಗೆ. 1578ರಲ್ಲಿ ಇಟಲಿಯಿಂದ ಗೋವಾಕ್ಕೆ ಬಂದಿಳಿದ ಮತ್ತೆಯೊ ರಿಚ್ಚಿ ಎಂಬ ತರುಣ ಓದಿದ್ದು, ಓದಿಸಿದ್ದು ಈ ಊರಿನಲ್ಲೇ. ಇಲ್ಲಿನ ಭಾರತೀಯ ವಿದ್ಯಾರ್ಥಿಗಳಿಗೆ ತತ್ತ್ವಶಾಸ್ತ್ರವನ್ನು ಕಲಿಸಬಾರದೆಂಬ ಧೋರಣೆಯನ್ನು ವಿರೋಧಿಸಿ ಅವನು 1581ರಲ್ಲಿ ರೋಮಿನಲ್ಲಿದ್ದ ಸಂಘದ ಮುಖ್ಯಸ್ಥರಿಗೆ ಪತ್ರ ಬರೆದಿದ್ದ. ಮರುವರ್ಷ ಚೀನಾ ತೀರದ ಪೋರ್ಚುಗೀಸ್ ನೆಲೆಯಾದ ಮಕಾವು ತಲುಪಿದ ಅದೇ ಮನುಷ್ಯ ಚೀನೀ ಭಾಷೆಯನ್ನೂ ಶಾಸ್ತ್ರಗ್ರಂಥಗಳನ್ನೂ ಆಳವಾಗಿ ಓದಿಕೊಂಡು, ಮೊದಲು ಬೌದ್ಧ ಭಿಕ್ಷುಗಳ ಉಡುಪನ್ನೂ 1595ರಿಂದ ಕನ್‌ಫ್ಯೂಷಿಯಸ್ ಪಂಡಿತರ ನಿಲುವಂಗಿಯನ್ನೂ ತೊಟ್ಟು, 1601ರಲ್ಲಿ ಬೀಜಿಂಗ್ ಸೇರಿ, ಚೀನೀ ಪಂಡಿತನೊಬ್ಬನೂ ಪಶ್ಚಿಮದ ಪಂಡಿತನೊಬ್ಬನೂ ನಡೆಸುವ ಸಂವಾದದ ರೂಪದಲ್ಲಿ ದೇವರ ವಿಚಾರವನ್ನು ಬರೆದದ್ದು ಹೇಗೆಂಬುದಕ್ಕೆ ಆ ಪತ್ರದಲ್ಲೇ ಸುಳಿವಿದೆ ಎಂದು ಮಾಸ್ತರರು ವಾದಿಸುತ್ತಾರೆ. ಎದುರಿಗಿರುವವನು ಯೋಚಿಸಬಲ್ಲವನು ಎಂದು ಒಪ್ಪಿಕೊಂಡವನಿಂದ ಮಾತ್ರ ಅಂಥ ಬರವಣಿಗೆ ಸಾಧ್ಯ ಎಂಬ ಅವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ದರ್ಶನಕ್ಕೆ ಸಾಲು ನಿಂತಿರುತ್ತದೆ. ಅವರು 1552ರ ಡಿಸೆಂಬರಿನಲ್ಲಿ ತೀರಿಕೊಂಡದ್ದು ಚೀನಾದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ, ಒಳನಾಡಿಗೆ ಕರೆದೊಯ್ಯುವ ದೋಣಿಗಾಗಿ ಕಾಯುತ್ತಿದ್ದಾಗ. ಗೋವಾದಲ್ಲಿ ಇನ್‌ಕ್ವಿಸಿಶನ್ (ಮತಭ್ರಷ್ಟರೆನಿಸಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಮಂಡಳಿ) ಬೇಕೆಂದು 1546ರಲ್ಲಿ ಪೋರ್ಚುಗಲ್ಲಿನ ದೊರೆಗೆ ಬರೆದವರೂ ಅವರೇ. ಭಕ್ತರ ನಡುವೆಯೇ ಇದನ್ನು ಹೇಳಬೇಕಾದಾಗ ಮಾಸ್ತರರು ದನಿ ಏರಿಸದೆ, ಸಂತರ ಗೌರವಕ್ಕೆ ಕುಂದು ಬಾರದಂತೆ, ಆದರೆ ಏನನ್ನೂ ಮುಚ್ಚಿಡದೆ ಹೇಳಿದ ರೀತಿ ನನಗೆ ಬಹಳ ಹಿಡಿಸಿತು.

ಸೇ ಕೆಥೆಡ್ರಲ್ ಪಕ್ಕದಲ್ಲಿ, ಇನ್‌ಕ್ವಿಸಿಶನ್ನಿನ ಅರಮನೆ ಇದ್ದ ಜಾಗದಲ್ಲಿ ನಡಿಗೆ ತನ್ನ ತಿರುಳನ್ನು ಮುಟ್ಟುತ್ತದೆ. ಮದುವೆಮನೆಯ ಅರಿಸಿನ, ವೀಳ್ಯದಂಥ ಊರಿನ ಆಚಾರಗಳನ್ನೂ ಇಲ್ಲಿನ ಕ್ರೈಸ್ತರಿಗೆ ನಿಷೇಧಿಸಿದ ಆಜ್ಞೆ ಹೊರಟದ್ದು 1736ರಲ್ಲಿ. ಚೀನಾದಲ್ಲಾದರೋ ರಿಚ್ಚಿ ಮತ್ತು ಅವನ ಅನುಯಾಯಿಗಳು, ಕನ್‌ಫ್ಯೂಷಿಯಸ್‌ಗೆ ಸಲ್ಲಿಸುವ ಗೌರವವೂ ಸತ್ತ ಹಿರಿಯರ ಹೆಸರು ಬರೆದ ಫಲಕದ ಮುಂದೆ ತಲೆಬಾಗುವುದೂ ಕುಲಧರ್ಮವೇ ಹೊರತು ವಿಗ್ರಹಾರಾಧನೆಯಲ್ಲವೆಂದು ಒಪ್ಪಿಕೊಂಡಿದ್ದರು. ಸೈನ್ಯ ಬೆನ್ನಿಗಿದ್ದ ಕಡೆ ಒಂದು ನೀತಿ, ಇಲ್ಲದ ಕಡೆ ಇನ್ನೊಂದು ನೀತಿ ಎಂಬುದು ಮಾಸ್ತರರ ತೀರ್ಮಾನ. ಪೋರ್ಚುಗೀಸರ ಆಳ್ವಿಕೆ ಇಲ್ಲದ ಮದುರೆಯಲ್ಲಿ ಯೇಸು ಸಂಘದ ಪಾದ್ರಿ ರಾಬರ್ಟೊ ಡಿ ನೊಬಿಲಿ ಸನ್ಯಾಸಿಯ ವೇಷದಲ್ಲಿ ಬಾಳಿದ್ದನ್ನೂ, 17ನೇ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಗೆ ಬಂದ ಅದೇ ಸಂಘದ ಚಿನ್ನಾಮಿ ಅದೇ ದಾರಿ ಹಿಡಿದದ್ದನ್ನೂ ನೆನೆದರೆ ಆ ತೀರ್ಮಾನಕ್ಕೆ ಬಲ ಬರುತ್ತದೆ.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಗಳಿಂದ ಬಂದವರು ನಮ್ಮ ಸಭೆಯಲ್ಲಿ ಅನೇಕರಿದ್ದಾರೆ. ಊರಿನಲ್ಲಿ ಅಣ್ಣತಮ್ಮಂದಿರು ಎಡೆ ಇಡುವಾಗ ತಾವು ಅಲ್ಲಿ ನಿಲ್ಲಬಹುದೇ, ಕೈಮುಗಿಯಬಹುದೇ ಎಂದು ಅವರು ಕೇಳುವ ಪ್ರಶ್ನೆ ಚೀನಾದ ಕ್ರೈಸ್ತರನ್ನು ಮುನ್ನೂರು ವರ್ಷಕ್ಕೂ ಮಿಕ್ಕು ಕಾಡಿದ ಪ್ರಶ್ನೆಯೇ. ಡೊಮಿನಿಕನ್ ಮತ್ತು ಫ್ರಾನ್ಸಿಸ್ಕನ್ ಎಂಬ ಬೇರೆ ಸಂಘಗಳ ಪಾದ್ರಿಗಳ ದೂರಿನಿಂದ ಆರಂಭವಾದ ಆ ವಿವಾದದಲ್ಲಿ ರೋಮ್, ಎಂದರೆ ಪೋಪರ ಆಡಳಿತ, 1704ರಲ್ಲೂ 1715ರಲ್ಲೂ ಆ ಆಚರಣೆಗಳಿಗೆ ನಿಷೇಧ ಹೇರಿತು. 1692ರಲ್ಲಿ ಕ್ರೈಸ್ತ ಆರಾಧನೆಗೆ ಅನುಮತಿ ಕೊಟ್ಟಿದ್ದ ಕಾಂಗ್‌ಶಿ ಚಕ್ರವರ್ತಿಯೇ ಬೇಸತ್ತು ಧರ್ಮಪ್ರಚಾರವನ್ನು ತಡೆದ. 1742ರಲ್ಲಿ ರೋಮ್ ಚರ್ಚೆಯ ಬಾಗಿಲನ್ನೇ ಮುಚ್ಚಿತು. ಇಷ್ಟನ್ನೂ ಮಾಸ್ತರರು ಸೊಗಸಾಗಿ ಬಿಡಿಸಿ ಹೇಳಿದರು. ನಮ್ಮ ಗುಂಪಿನ ಹಿರಿಯ ತಾಯಿಯೊಬ್ಬರು, "ಹಂಗಾರ ಆ ಮಂದಿ ಆಮ್ಯಾಲೆ ಏನ್ ಮಾಡಿದ್ರು, ಮಾಸ್ತರ?" ಎಂದು ಕೇಳಿದರು. ಉತ್ತರ ಬರುವ ಮೊದಲೇ ಹೊತ್ತಾಯಿತೆಂದು ಎಲ್ಲರನ್ನೂ ಮುಂದಕ್ಕೆ ಸಾಗಿಸಲಾಯಿತು.

ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲೇ. 1939ರಲ್ಲಿ ರೋಮ್ ತನ್ನ ನಿಲುವನ್ನು ಬದಲಿಸಿ, ಮೃತರ ಚಿತ್ರದ ಮುಂದೆಯೂ ಹೆಸರಿನ ಫಲಕದ ಮುಂದೆಯೂ ತಲೆಬಾಗಲು ಅನುಮತಿ ಕೊಟ್ಟದ್ದನ್ನು ಹೇಳದಿದ್ದರೆ ಕೇಳುಗರು ಅರ್ಧ ಕಥೆಯನ್ನಷ್ಟೇ ಮನೆಗೆ ಒಯ್ಯುತ್ತಾರೆ. ಪ್ರಾಟೆಸ್ಟೆಂಟರ ಹೆಸರೇ ಬರುವುದಿಲ್ಲ. 1890ರಲ್ಲಿ ಶಾಂಘಾಯ್‌ನಲ್ಲಿ ನಡೆದ ಪ್ರಾಟೆಸ್ಟೆಂಟ್ ಮಿಶನರಿಗಳ ಸಮ್ಮೇಳನದಲ್ಲಿ ಅಮೆರಿಕದ ಮಿಶನರಿ ಡಬ್ಲ್ಯು. ಎ. ಪಿ. ಮಾರ್ಟಿನ್ ಪಿತೃಪೂಜೆಯ ಬಗ್ಗೆ ಸಹನೆ ಇರಲೆಂದು ಮಂಡಿಸಿದ ವಾದವನ್ನು ಬಹುಪಾಲು ಮಿಶನರಿಗಳು ತಳ್ಳಿಹಾಕಿದ್ದು ನಮ್ಮಂಥ ಸಭೆಗಳವರು ಅಗತ್ಯವಾಗಿ ಕೇಳಬೇಕಾದ ಸಂಗತಿ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಇಡೀ ನಡಿಗೆಯಲ್ಲಿ ಚೀನೀಯರೇ ಕಾಣಿಸುವುದಿಲ್ಲ. 1603ರಲ್ಲಿ ದೀಕ್ಷಾಸ್ನಾನ ಪಡೆದು, ರಿಚ್ಚಿಯ ಜೊತೆ ಯೂಕ್ಲಿಡನ ಜ್ಯಾಮಿತಿಯನ್ನು ಚೀನೀ ಭಾಷೆಗೆ ತಂದ ಶು ಗ್ವಾಂಗ್‌ಚಿಗೆ ಸಿಕ್ಕಿದ್ದು ಒಂದೇ ವಾಕ್ಯ. 1685ರಲ್ಲಿ ಚೀನೀಯರಲ್ಲೇ ಮೊದಲ ಬಿಷಪ್ಪರಾಗಿ ಅಭಿಷಿಕ್ತರಾದ ಲುವೊ ವೆನ್‌ಝಾವೊ ತಾವೇ ಡೊಮಿನಿಕನ್ ಆಗಿದ್ದರೂ ಹಿರಿಯರ ಆಚರಣೆಗಳ ಪರವಾಗಿ ಬರೆದವರು; ಅವರ ನಂತರ ಚೀನೀ ಬಿಷಪ್ಪರ ಅಭಿಷೇಕವಾದದ್ದು 1926ರಲ್ಲಿ. ಲುವೊ ಅವರ ಪ್ರಸ್ತಾಪಕ್ಕೆ ಹಳೇ ಗೋವಾದಷ್ಟು ತಕ್ಕ ಜಾಗ ಇನ್ನೊಂದಿಲ್ಲ, ಏಕೆಂದರೆ ಮಾಂಡವಿಯ ಆಚೆ ದಂಡೆಗೆ ಕಾಣುವ ದಿವಾರ್ ನಡುಗಡ್ಡೆಯಲ್ಲಿ ಹುಟ್ಟಿದ ಮಾತೆವುಸ್ ಡಿ ಕಾಸ್ಟ್ರೊ 1637ರಲ್ಲಿ ಬಿಷಪ್ಪರಾಗಿ ಅಭಿಷಿಕ್ತರಾಗಿ ಆಮೇಲೆ ಊರಿಗೆ ಮರಳಿದಾಗ ಗೋವಾದ ಅಧಿಕಾರಸ್ಥರು ಅವರನ್ನು ಒಪ್ಪಿಕೊಳ್ಳಲಿಲ್ಲ. ನಡಿಗೆ ಮುಗಿಯುವ ವೈಸ್‌ರಾಯ್ ಕಮಾನಿನ ಬಳಿ ಈ ಇಬ್ಬರನ್ನು ಜೊತೆಯಾಗಿ ನಿಲ್ಲಿಸಿ ಮಾತಾಡಲು ಹತ್ತು ನಿಮಿಷ ಸಾಕು.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗುಂಪು ದೊಡ್ಡದಾದರೆ ಹಿಂದಿದ್ದವರಿಗೆ ಮಾತು ಕೇಳಿಸುವುದಿಲ್ಲ. ಬೆಸಿಲಿಕಾದಲ್ಲಿ ಪೂಜೆ ನಡೆಯುವಾಗ ವಿವರಣೆ ಹೊರಗೇ ಆಗಬೇಕು; ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಧರಿಸಿ ಹೋಗುವುದು ಒಳ್ಳೆಯದು. ನೆರಳು ಕಡಿಮೆಯಾದ್ದರಿಂದ ವಯಸ್ಸಾದವರನ್ನು ಏಪ್ರಿಲ್, ಮೇ ತಿಂಗಳಲ್ಲಿ ಕರೆದೊಯ್ಯಬೇಡಿ. ಕೊರತೆಗಳನ್ನೆಲ್ಲ ಮಾಸ್ತರರಿಗೆ ನೇರವಾಗಿಯೇ ಹೇಳಿದ್ದೇನೆ. ಅವರು ಬೇಸರಿಸದೆ ಬರೆದುಕೊಂಡರು. ಈಗಿರುವ ರೂಪದಲ್ಲೂ ಈ ನಡಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಸಭಾಪಾಲಕರೂ ಬೈಬಲ್ ಅಧ್ಯಯನ ನಡೆಸುವವರೂ ಹೋಗಲೇಬೇಕು; ಹೋಗುವಾಗ 1939ರ ಪ್ರಶ್ನೆಯನ್ನು ಮೊದಲೇ ಕೇಳಿಬಿಡಿ.