ಗೋಣಿಕೊಪ್ಪದ ಭಾನುವಾರದ ಹಾಕಿ ಲೀಗ್: ಒಬ್ಬರೇ ಹೋದರೂ ಸೇರಿಸಿಕೊಳ್ಳುತ್ತಾರೆ

ಬ್ಯಾಂಕ್ ಕೆಲಸಕ್ಕೆ ವರ್ಗವಾಗಿ ದಾವಣಗೆರೆಯಿಂದ ಬಂದವಳು ನಾನು. ಕೊಡಗಲ್ಲಿ ಹಾಕಿ ಅಂದ್ರೆ ಮನೆತನದ ಆಟ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಹಾಕಿ ಹಬ್ಬದಲ್ಲಿ ಮನೆತನಕ್ಕೊಂದು ತಂಡ. ನನ್ನಂಥವರು ಗ್ಯಾಲರಿಯಲ್ಲಿ ಕೂತು ನೋಡಬೇಕು, ಅಲ್ವಾ?

ಈ ಲೀಗ್‌ನಲ್ಲಿ ಹಾಗಿಲ್ಲ. ಹೆಸರು ಕೊಟ್ಟರೆ ಸಾಕು, ತಂಡ ಅವರೇ ಮಾಡಿಕೊಡುತ್ತಾರೆ. ಐದೈದು ಜನರ ಆಟ, ಗಂಡಸರು ಹೆಂಗಸರು ಒಟ್ಟಿಗೇ. ನಮ್ಮ ತಂಡದಲ್ಲಿ ಅರವತ್ತು ದಾಟಿದ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ನನ್ನ ಬಲಗೈ ಸ್ಟಿಕ್‌ನಲ್ಲಿ ತೀರಾ ಮೇಲಿತ್ತು. "ಕೈ ಕೆಳಗಿಳಿಸಮ್ಮ, ಮಂಡಿ ಬಗ್ಗಿಸು" ಅಂತ ಪಕ್ಕದಲ್ಲೇ ನಿಂತು ತೋರಿಸಿದರು. ಓಡಿ ಬರುವ ಚೆಂಡನ್ನು ನಿಲ್ಲಿಸಲು ಕಲಿತದ್ದೇ ಅವರಿಂದ.

ಆಟ ಮುಗಿದರೆ ಯಾರೂ ಸುಮ್ನೆ ಮನೆಗೆ ಹೋಗಲ್ಲ. ಮೈದಾನದ ಬದಿಯಲ್ಲೇ ಬೆಲ್ಲದ ಕರಿಕಾಫಿ, ಜಾಸ್ತಿ ಹರಟೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ನನ್ನನ್ನು ಮನೆಗೆ ಕರೆದವರೂ ಅಲ್ಲಿ ಪರಿಚಯವಾದವರೇ.

ಗೋಲ್‌ಕೀಪರ್ ಪ್ಯಾಡ್ ಮಾತ್ರ ಹರಿದು ಸ್ಪಂಜು ಹೊರಬಂದಿದೆ. ಅದನ್ನು ಬದಲಿಸಲೇಬೇಕು, ಪೆಟ್ಟು ಬಿದ್ದ ಮೇಲಲ್ಲ. ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್ ನೀವೇ ತನ್ನಿ. ಮಳೆಗಾಲದಲ್ಲಿ ಆಟ ಬಂದ್. ಮಳೆ ಬಿಟ್ಟ ಕೂಡಲೇ ಹೆಸರು ಕೊಡಿ, ಜಾಗ ಬೇಗ ತುಂಬುತ್ತೆ.